ಮಣಿಪಾಲಕ್ಕೆ ಹೋದ ಹೂಗಳು

ಬನ್ನಂಜೆ, ಉಡುಪಿ
೧೨ ಅಕ್ಟೋಬರ್ ೨೦೨೫, ಆದಿತ್ಯವಾರ

ಪ್ರೀತಿಯ ಸೆಲೀನ್,

ನಿನ್ನ ಕಾಗದ ಕೈಸೇರಿದಾಗ ಇಲ್ಲಿ ಆಟಿ ತಿಂಗಳ ಮಳೆ. ಈಗ ನೋಡಿದರೆ ನವರಾತ್ರಿಯೂ ಮುಗಿದುಹೋಯಿತು. ಇಷ್ಟು ದಿನ ಉತ್ತರ ಬರೆಯದೆ ಕುಳಿತವಳನ್ನು ನೀನು ಮನಸ್ಸಿನಲ್ಲೇ ಎಷ್ಟು ಬೈದಿದ್ದೀಯೋ, ಸಿಸ್ಟರ್ ಆದವಳು ಹೀಗೆ ಬೈಯಬಾರದೆಂದು ಆಮೇಲೆ ಎಷ್ಟು ಪ್ರಾರ್ಥನೆ ಮಾಡಿದ್ದೀಯೋ! ತಪ್ಪಾಯಿತು ಮಾರಾಯ್ತಿ. ಫೋನ್ ಮಾಡೋಣವೆಂದರೆ ನಿಮ್ಮ ಮೇಘಾಲಯದ ಗುಡ್ಡದಲ್ಲಿ ಸಿಗ್ನಲ್ ಸಿಗುವುದು ನೀನು ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಂತಾಗ ಮಾತ್ರ. ಅಲ್ಲಿ ಗಾಳಿಯಲ್ಲಿ ನಿಂತವಳಿಗೆ ಕೂಗಿ ಹೇಳುವ ವಿಷಯ ಇದಲ್ಲ. ಒಂದೆರಡು ಸಲ ಬರೆಯಲು ಕುಳಿತೆ. ‘ನಾನು ಕ್ಷೇಮ’ ಎಂದು ಬರೆದು ಅಲ್ಲಿಗೇ ಪೆನ್ನು ನಿಂತಿತು. ಇವತ್ತು ಹೊಲಿಗೆಯ ಗಿರಾಕಿಗಳಿಲ್ಲ, ಗಂಜಿ ಬೆಂದಿದೆ, ಮಳೆಯೂ ಬಿಟ್ಟಿದೆ. ಬರೆದೇ ಏಳುತ್ತೇನೆ.

ನಿನ್ನ ಮೊಣಕಾಲು ಹೇಗುಂಟು? ಹಾಸ್ಟೆಲಿನ ಹುಡುಗಿಯರ ಎದುರು ನೋವೇ ಇಲ್ಲದವಳ ಹಾಗೆ ನಡೆಯುತ್ತೀಯೆಂದು ನನಗೆ ಗೊತ್ತು. ಕಾರ್ಕಳದ ಶಾಲೆಯಲ್ಲಿಯೂ ನೀನು ಹಾಗೆಯೇ. ಕಾಲಿಗೆ ಮುಳ್ಳು ಚುಚ್ಚಿಕೊಂಡು ಇಡೀ ದಿನ ಕಬಡ್ಡಿ ಆಡಿದವಳಲ್ಲವಾ ನೀನು. ಈಗ ನಮಗೆ ಅರವತ್ತು ದಾಟಿತು. ಇನ್ನಾದರೂ ಕುಂಟು.

ನೀನು ಕೇಳಿದ್ದೆ: “ಹೂ ಬೆಳೆಸಿ ಮಣಿಪಾಲದ ಅಂಗಡಿಗೆ ಕೊಡುತ್ತೀಯಂತೆ, ಹೌದಾ? ಸೂಜಿ ಬಿಟ್ಟು ಗುದ್ದಲಿ ಹಿಡಿದದ್ದು ಯಾವಾಗ?” ಹೌದು, ನಿಜ. ಆದರೆ ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದಲೇ ಹೇಳಬೇಕು.

ಇವರು ಹೋದದ್ದು ಕಳೆದ ವರ್ಷ ಶಿವರಾತ್ರಿಯ ಹೊತ್ತಿಗೆ. ಬೆಳಿಗ್ಗೆ ಚಹಾ ಕುಡಿದು ಎದೆ ಹಿಡಿದುಕೊಂಡು ಕುಳಿತವರು ಏಳಲೇ ಇಲ್ಲ. ಇವರ ಇಚ್ಛೆಯಂತೆ ದೇಹವನ್ನು ಮಣಿಪಾಲದ ಮೆಡಿಕಲ್ ಕಾಲೇಜಿಗೆ, ಮಕ್ಕಳು ಕಲಿಯಲಿಕ್ಕೆಂದು ಕೊಟ್ಟೆವು. ಇಷ್ಟನ್ನು ನಿನಗೆ ಆಗಲೇ ತಿಳಿಸಿದ್ದೆ. ಆಮೇಲಿನದ್ದನ್ನು ತಿಳಿಸಿರಲಿಲ್ಲ, ತಿಳಿಸುವಂಥದ್ದು ಏನೂ ಇರಲಿಲ್ಲ. ಸುಡಲಿಲ್ಲ, ಹೂಳಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ದಿನ ಫೋಟೋದ ಎದುರು ಬಾಳೆ ಎಲೆ ಹಾಕಿ, ಇವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದೆವು. ಊಟ ಮುಗಿಸಿ ಕೈತೊಳೆಯುತ್ತಿದ್ದ ನೆಂಟರೊಬ್ಬರು, “ಬೂದಿಯೇ ಇಲ್ಲದೆ ಇದು ಎಂತದ್ದು ಬೊಜ್ಜ?” ಎಂದದ್ದು ನನ್ನ ಕಿವಿಗೆ ಬಿತ್ತು. ಆ ಮಾತು ಒಳಗೆ ಹೋಗಿ ಕುಳಿತುಕೊಂಡಿತು. ನಿಮ್ಮವರು ನವೆಂಬರ್ ತಿಂಗಳಲ್ಲಿ ಗೋರಿಗಳನ್ನು ತೊಳೆದು ಹೂವಿಟ್ಟು ದೀಪ ಹಚ್ಚುತ್ತೀರಿ. ನಮ್ಮವರು ಸಮುದ್ರಕ್ಕಾದರೂ ಬೂದಿ ಬಿಡುತ್ತಾರೆ, ಮತ್ತೆ ಸಮುದ್ರ ಕಂಡಾಗಲೆಲ್ಲ ಕೈಮುಗಿಯಬಹುದು. ನಾನು ಎಲ್ಲಿ ನೋಡಿ ಕೈಮುಗಿಯಲಿ? ಮಣಿಪಾಲದ ಕಡೆ ನೋಡಲು ನನಗೆ ಧೈರ್ಯವಿರಲಿಲ್ಲ. ಪೆರ್ಡೂರಿಗೆ ಹೋಗುವ ಬಸ್ಸಿನಲ್ಲಿ ಕುಳಿತರೆ ಮಣಿಪಾಲ ದಾಟುವವರೆಗೆ ತಲೆ ತಗ್ಗಿಸಿ ನನ್ನ ಚೀಲವನ್ನೇ ನೋಡುತ್ತಿದ್ದೆ.

ಮೆಷಿನಿಗೆ ಬಟ್ಟೆ ಮುಚ್ಚಿಟ್ಟೆ. ಹೊಲಿಯಲು ಕೊಟ್ಟ ರವಿಕೆಗಳೆಲ್ಲ ಹಾಗೆಯೇ ಬಿದ್ದಿದ್ದವು. ಹಾಗಿರುವಾಗ ಒಂದು ದಿನ ಜೋಸ್ಲಿನ್ ಬಂದಳು. ನಿನಗೆ ಅವಳು ಗೊತ್ತಿಲ್ಲ. ಮಣಿಪಾಲದಲ್ಲಿ ಅವಳದ್ದೊಂದು ಹೂವಿನ ಅಂಗಡಿ ಉಂಟು, ಮದುವೆಗೆ, ಇಗರ್ಜಿಗೆ ಅಲಂಕಾರ ಮಾಡುತ್ತಾಳೆ. ಅವಳ ರವಿಕೆಗಳನ್ನೆಲ್ಲ ಹೊಲಿಯುವುದು ನಾನೇ. ರವಿಕೆ ಕೇಳಲು ಬಂದವಳು ನನ್ನ ಮುಖ ನೋಡಿದಳು, ಮುಚ್ಚಿಟ್ಟ ಮೆಷಿನ್ ನೋಡಿದಳು, ಮತ್ತೆ ಹಿಂದಿನ ಬಾಗಿಲಿಗೆ ಹೋಗಿ ಬಾವಿಕಟ್ಟೆಗೂ ಕಂಪೌಂಡಿಗೂ ನಡುವೆ ಕಸ ಬಿದ್ದಿದ್ದ ಜಾಗ ನೋಡಿದಳು. ಮರುದಿನ ಆಟೋದಲ್ಲಿ ಒಂದು ಗೋಣಿ ತಂದು ಇಳಿಸಿದಳು. ಒಳಗೆ ಗೆಡ್ಡೆಗಳು, ಕೊಳೆತ ಶುಂಠಿಯ ಹಾಗೆ ಕಪ್ಪಾಗಿ, ಬೇರು ಹರಿದುಕೊಂಡು.

“ಇದೆಂತದ್ದು?” ಎಂದೆ.

“ಹೆಲಿಕೋನಿಯಾ. ಬಾಳೆಯ ಸಂಬಂಧಿ. ಈ ಪ್ಲಾಸ್ಟಿಕ್ ಚೀಲದಲ್ಲಿರುವುದು ಟಾರ್ಚ್ ಜಿಂಜರ್, ಅದು ಶುಂಠಿಯ ಸಂಬಂಧಿ. ಒಮ್ಮೆ ನೆಟ್ಟರೆ ವರ್ಷ ವರ್ಷ ಅದರಷ್ಟಕ್ಕೇ ಬರುತ್ತದೆ. ಉದ್ದ ದಂಟಿನ ಹೂ ನನಗೆ ಯಾವಾಗಲೂ ಬೇಕು. ನಿನ್ನಲ್ಲಿ ತೆಂಗಿನ ನೆರಳುಂಟು, ಬಾವಿ ಉಂಟು.”

“ಇದು ಸತ್ತಿದೆ ಜೋಸ್ಲಿನ್.”

“ಸತ್ತದ್ದು ಮೇಲಿನದ್ದು ಮಾರಾಯ್ತಿ. ಕೆಳಗೆ ಎಂತ ಉಂಟು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಾಕಿ ನೋಡು.”

ಹಾಕಿದೆ. ಬೇರೆ ಕೆಲಸವಿರಲಿಲ್ಲ ಎಂದು ಹಾಕಿದ್ದು, ಆಸೆಯಿಂದಲ್ಲ. ನಮ್ಮ ಹಿತ್ತಿಲು ನಿನಗೆ ಗೊತ್ತಲ್ಲ, ಮುರಕಲ್ಲಿನ ಕೆಂಪು ಮಣ್ಣು, ಗುದ್ದಲಿ ಹಾಕಿದರೆ ಟಣ್ ಎನ್ನುತ್ತದೆ. ಹೊಂಡ ತೋಡಿ ತರಗೆಲೆ, ಹಟ್ಟಿಗೊಬ್ಬರ, ತೆಂಗಿನ ಸಿಪ್ಪೆ ತುಂಬಿಸಿ ಗೆಡ್ಡೆ ಇಟ್ಟೆ. ಜೂನ್ ತಿಂಗಳ ಮಳೆ ಬಂದದ್ದೇ ತಡ, ಹೊಂಡದಲ್ಲೆಲ್ಲ ನೀರು ನಿಂತಿತು. ಕೊಳೆಯುತ್ತದೆಂದು ಕೊಡೆ ಹಿಡಿದುಕೊಂಡು ನೀರು ಹರಿದುಹೋಗಲು ಕಣಿ ತೋಡಿದೆ. ಒಂದು ಬೆಳಿಗ್ಗೆ ನೋಡುತ್ತೇನೆ, ಕೊಳೆತಿದೆ ಎಂದುಕೊಂಡ ಜಾಗದಲ್ಲಿ ನನ್ನ ಕಿರುಬೆರಳಿನಷ್ಟು ದಪ್ಪದ ಕೆಂಪು ಮೊಳಕೆ, ಮಣ್ಣನ್ನು ಪಕ್ಕಕ್ಕೆ ಸರಿಸಿ ನಿಂತಿತ್ತು. ಸೆಲೀನ್, ನಾನು ಅಲ್ಲೇ ಮಳೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟೆ. ಇಷ್ಟು ಗಟ್ಟಿ ಮಣ್ಣನ್ನು ನಾನು ಪಿಕಾಸಿಯಲ್ಲಿ ಒಡೆದಿದ್ದೆ. ಅಷ್ಟು ಮೆತ್ತಗಿನದ್ದು ಹೇಗೆ ತಳ್ಳಿಕೊಂಡು ಬಂತು?

ಮೊದಲ ವರ್ಷ ಎಲೆ ಮಾತ್ರ. ಬಸವನಹುಳುಗಳು ಬಂದು ಎಳೆಯ ಸುರುಳಿಗಳನ್ನೇ ತಿಂದವು. ಅಂಗೈಯಗಲದ ಆಫ್ರಿಕನ್ ಹುಳುಗಳು, ನೀನಿದ್ದ ಕಾಲದಲ್ಲಿ ಇಲ್ಲಿ ಇರಲಿಲ್ಲ. ಉಪ್ಪುನೀರಿನ ಬಕೆಟ್ ಹಿಡಿದು ಅವುಗಳನ್ನು ಹೆಕ್ಕುವುದೇ ಬೆಳಗಿನ ಕೆಲಸವಾಯಿತು. ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರನ್ನು ಬುಡಕ್ಕೆ ಬಿಟ್ಟೆ. ಹೂವೇ ಇಲ್ಲವಲ್ಲ ಎಂದು ಜೋಸ್ಲಿನ್‌ಗೆ ದೂರಿದರೆ, “ಕೆಳಗೆ ಸಂಸಾರ ಕಟ್ಟುತ್ತಾ ಉಂಟು, ಗಡಿಬಿಡಿ ಮಾಡಬೇಡ” ಎಂದು ನಕ್ಕಳು. ಮೆಷಿನಿನ ಬಟ್ಟೆ ತೆಗೆದದ್ದೂ ಆ ಬೇಸಿಗೆಯಲ್ಲೇ. ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋಗುವ ಅಭ್ಯಾಸವಾದರೆ, ಮತ್ತೆ ಒಳಗೆ ಬಂದು ಸುಮ್ಮನೆ ಕೂರಲು ಆಗುವುದಿಲ್ಲ ನೋಡು.

ಈ ವರ್ಷದ ಮಳೆಗಾಲಕ್ಕೆ ಹೂ ಬಂತು. ಹೇಗೆ ಹೇಳಲಿ? ಎಲೆಯ ಸುರುಳಿಯ ನಡುವಿನಿಂದ ಒಂದು ಕೆಂಪು ಕೊಕ್ಕು ಹೊರಬಂತು. ಅದರ ಮೇಲೊಂದು, ಆಚೆಗೊಂದು, ಈಚೆಗೊಂದು, ಯಾರೋ ಜಡೆ ಹೆಣೆದ ಹಾಗೆ. ಬೆಂಕಿಯಂಥ ಕೆಂಪು, ಅಂಚಿಗೆ ಹಳದಿ, ತುದಿಗೆ ಗಿಳಿಹಸಿರು. ಇವರು ಓಡಿಸುತ್ತಿದ್ದ ಸರ್ವಿಸ್ ಬಸ್ಸಿನ ಬಣ್ಣವೇ! ಒಬ್ಬಳೇ ನಿಂತು ನಕ್ಕೆ. ಇವರು ಹೋದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಆ ಕೊಕ್ಕುಗಳಲ್ಲಿ ಮಳೆನೀರು ತುಂಬಿಕೊಳ್ಳುತ್ತದೆ, ಬಿಟ್ಟರೆ ನಾರುತ್ತದೆ. ದಂಟನ್ನು ಕತ್ತರಿಸಿದ ಮೇಲೆ ತಲೆಕೆಳಗು ಹಿಡಿದು ನೀರು ಇಳಿಸಿ, ಇರುವೆ ತೊಳೆದು ಬಕೆಟಿನಲ್ಲಿಡಬೇಕು. ಒಂದು ದಂಟು ಒಂದೇ ಸಲ ಹೂ ಬಿಡುವುದು. ಹಾಗಾಗಿ ಕತ್ತರಿಸುವಾಗ ಬುಡಕ್ಕೇ ಕತ್ತರಿಸಬೇಕು, ಕನಿಕರ ಮಾಡಿ ಅರ್ಧ ಉಳಿಸಿದರೆ ಪಕ್ಕದ ಮರಿಗಳಿಗೆ ಬೆಳಕಿಲ್ಲ. ಇದನ್ನೆಲ್ಲ ಕಲಿಯಲು ನನಗೆ ಒಂದು ಮಳೆಗಾಲ ಬೇಕಾಯಿತು.

ಟಾರ್ಚ್ ಜಿಂಜರಿನದ್ದು ಇನ್ನೂ ಆಶ್ಚರ್ಯ. ಎಲೆಯ ಕೋಲುಗಳು ನನ್ನ ತಲೆಯಿಂದ ಎಷ್ಟೋ ಮೇಲೆ. ಹೂ ಅಲ್ಲೆಲ್ಲಾದರೂ ಬರುತ್ತದೆಂದು ಮೇಲೆ ನೋಡುತ್ತಿದ್ದರೆ ಅದು ಬಂದದ್ದು ಕೆಳಗೆ, ಬರಿಯ ನೆಲದಿಂದ, ಎಲೆಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಒಂದು ಬೋಳು ಕೋಲು. ಅದರ ತುದಿಯಲ್ಲಿ ಮುಷ್ಟಿಯಷ್ಟು ಗುಲಾಬಿ ಮೊಗ್ಗು, ಮೇಣದಲ್ಲಿ ಮಾಡಿದ ಹಾಗೆ. ಈ ವರ್ಷ ಬಂದದ್ದು ಅದೊಂದೇ.

ಸೆಪ್ಟೆಂಬರಿನಲ್ಲಿ ಜೋಸ್ಲಿನ್ ಒಂದು ಹುಡುಗಿಯನ್ನು ಕರೆದುಕೊಂಡು ಬಂದಳು. ರೇಚಲ್ ಎಂದು ಹೆಸರು, ಕಾಪುವಿನವಳು, ಮಣಿಪಾಲದಲ್ಲಿ ಡಾಕ್ಟರಿಕೆ ಓದುತ್ತಾಳೆ. ಕನ್ನಡಕ, ಸಪೂರ ಜಡೆ, ಮಾತಾಡುವಾಗ ಕೈಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಳ್ಳುವ ಅಭ್ಯಾಸ. ಹಿತ್ತಿಲಿಗೆ ಬಂದವಳು ಹೂಗಳನ್ನು ನೋಡಿ, “ಅಯ್ಯೋ ದೇವರೇ, ಇದು ಇಲ್ಲಿ ಆಗ್ತದಾ!” ಎಂದಳು.

ಜೋಸ್ಲಿನ್ ಮಾತ್ರ ಯಾವತ್ತಿನಂತಿರಲಿಲ್ಲ. ನನ್ನನ್ನು ಬಾವಿಯ ಹತ್ತಿರ ಕರೆದು ಮೆಲ್ಲಗೆ ಹೇಳಿದಳು: “ಮನೋರಮಾ, ಇವಳಿಗೆ ಹೂ ಬೇಕಾದದ್ದು ಎಲ್ಲಿಗೆ ಅಂತ ಮೊದಲು ಕೇಳು. ನಿನಗೆ ಆಗುವುದಿಲ್ಲ ಅಂದರೆ ಬೇಡ. ನಾನು ಬೆಂಗಳೂರಿನಿಂದ ತರಿಸಿ ಕೊಡುತ್ತೇನೆ. ನಿನ್ನನ್ನು ಕೇಳದೆ ಇವಳಿಗೆ ಇಲ್ಲ ಅನ್ನಲಿಕ್ಕೂ ನನಗೆ ಮನಸ್ಸಾಗಲಿಲ್ಲ.”

ರೇಚಲ್ ಹೇಳಿದಳು. ಮೊದಲ ವರ್ಷದ ಪಾಠ ಮುಗಿಯುವಾಗ, ಇಡೀ ವರ್ಷ ತಮಗೆ ಕಲಿಸಿದ ದೇಹಗಳಿಗೆ ವಿದ್ಯಾರ್ಥಿಗಳು ಕೃತಜ್ಞತೆ ಹೇಳುತ್ತಾರಂತೆ. ಆ ದಿನ ಪ್ರತಿ ಟೇಬಲಿಗೂ ಹೂವಿಡುತ್ತಾರಂತೆ. “ಐಸ್ ಪೆಟ್ಟಿಗೆಯಲ್ಲಿ ಬರುವ ಗುಲಾಬಿ ಬೇಡ ಅಂತ ನಮ್ಮ ಬ್ಯಾಚಿನವರು ಮಾತಾಡಿಕೊಂಡೆವು ಆಂಟಿ. ನಾವು ಎಲ್ಲೆಲ್ಲಿಂದಲೋ ಬಂದವರು. ಆದರೆ ಅಲ್ಲಿ ಮಲಗಿದವರೆಲ್ಲ ಇಲ್ಲಿಯ ಸುತ್ತಮುತ್ತಲಿನವರು. ಅವರಿಗೆ ಈ ಮಣ್ಣಿನ ಹೂವೇ ಆಗಬೇಕು. ನೀವೇ ಕೊಯ್ದು ತಂದರೆ ಒಳ್ಳೆಯದಿತ್ತು, ನಮಗೆ ಯಾರಿಗೂ ಜೋಡಿಸಲಿಕ್ಕೆ ಬರುವುದಿಲ್ಲ.”

ನನ್ನ ಗಂಡ ಅಲ್ಲೇ ಇದ್ದಾರೆಂದು ಆ ಮಗುವಿಗೆ ಗೊತ್ತಿರಲಿಲ್ಲ. ನಾವು ಕೊಟ್ಟ ದಿನವೇ ಕಾಲೇಜಿನವರು ತಿಳಿಸಿದ್ದರು, ಹೆಸರು ಯಾರಿಗೂ ಹೇಳುವುದಿಲ್ಲ, ಅಲ್ಲಿ ಒಂದು ನಂಬರ್ ಮಾತ್ರ ಎಂದು. ನಾನು ಬಾವಿಕಟ್ಟೆಯ ಮೇಲೆ ಕುಳಿತೆ. ಒಂದು ಮನಸ್ಸು ‘ಬೇಡ, ಓಡು’ ಎಂದಿತು. ಇನ್ನೊಂದು ಮನಸ್ಸು, ‘ಹೂವಿಡಲು ಜಾಗವಿಲ್ಲ ಎಂದು ಒಂದೂವರೆ ವರ್ಷ ಅತ್ತೆಯಲ್ಲ, ಇಗೋ ಜಾಗ’ ಎಂದಿತು.

“ಎಷ್ಟು ಟೇಬಲ್ ಉಂಟು ಮಗಾ?” ಎಂದು ಕೇಳಿದೆ. ಜೋಸ್ಲಿನ್ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು.

ಹೂ ಕೊಡಬೇಕಾದ ಹಿಂದಿನ ದಿನ ಏನಾಯಿತು ಕೇಳು. ಮಧ್ಯಾಹ್ನ ಗಾಳಿ ಎದ್ದಿತು. ತೆಂಗಿನ ಮಡಲೊಂದು ಕಳಚಿ ನೇರವಾಗಿ ಹೆಲಿಕೋನಿಯಾದ ಬುಡದ ಮೇಲೆ ಬಿತ್ತು. ಓಡಿಹೋಗಿ ಎಳೆದು ಹಾಕುವಷ್ಟರಲ್ಲಿ ಅರ್ಧಕ್ಕರ್ಧ ದಂಟುಗಳು ಮುರಿದಿದ್ದವು. ನಾನು ಕೆಸರಿನಲ್ಲಿ ನಿಂತು ಇವರ ಮೇಲೆಯೇ ಸಿಟ್ಟು ಮಾಡಿದೆ, “ನಿಮಗೆ ಹೂ ಬೇಡವಾ ಹಾಗಾದರೆ?” ಎಂದು ಗಟ್ಟಿಯಾಗಿಯೇ ಕೇಳಿದೆ. ಪಕ್ಕದ ಮನೆಯವರು ಕೇಳಿಸಿಕೊಂಡಿದ್ದರೆ ಹುಚ್ಚು ಹಿಡಿಯಿತು ಎನ್ನುತ್ತಿದ್ದರು.

ಉಳಿದದ್ದನ್ನು ಲೆಕ್ಕ ಹಾಕಿ ನೋಡಿದೆ. ಒಳ್ಳೆಯ ಹೂ ಕೆಲವು, ಇನ್ನೂ ಅರಳದ್ದು ಕೆಲವು, ಗೆರೆ ಬಿದ್ದದ್ದು ಕೆಲವು. ಮನುಷ್ಯರ ಮನಸ್ಸು ನೋಡು, ಇವರ ಟೇಬಲಿಗೆ ಎಲ್ಲಕ್ಕಿಂತ ಚೆಂದದ್ದು ಇಡಬೇಕು ಎಂದು ಮೊದಲು ಅನಿಸಿತು. ಯಾವುದು ಇವರ ಟೇಬಲ್? ಗೊತ್ತಿಲ್ಲ. ಯಾರಿಗೆ ಕಡಿಮೆ ಇಟ್ಟರೂ ಅದು ಇವರಿಗೇ ಕಡಿಮೆಯಾಗಬಹುದು. ಆಗ ನನಗೆ ಒಂದು ಹೊಳೆಯಿತು ಸೆಲೀನ್. ಅಲ್ಲಿ ಮಲಗಿದವರೆಲ್ಲರೂ ಇವರೇ ಎಂದುಕೊಂಡು ಮಾಡದೆ ನನಗೆ ಬೇರೆ ದಾರಿಯೇ ಇಲ್ಲ. ನೀನು ನಲವತ್ತು ವರ್ಷ ಯಾರ್ಯಾರದ್ದೋ ಮಕ್ಕಳ ತಲೆ ಬಾಚುತ್ತ ಬಂದೆ. ನೀನು ಅದನ್ನು ಹೇಗೆ ಮಾಡುತ್ತೀಯೆಂದು ನನಗೆ ಆ ದಿನ ಸ್ವಲ್ಪ ಅರ್ಥವಾಯಿತು.

ಬೆಳಕು ಹರಿಯುವಾಗ ಕತ್ತರಿ ಹಿಡಿದೆ. ಇದ್ದ ಎಲ್ಲವನ್ನೂ ತೆಗೆದೆ, ಹಿತ್ತಿಲು ಬೋಳಾಯಿತು. ಪ್ರತಿ ಟೇಬಲಿಗೆ ಒಂದು ಚೆಂದದ ಕೆಂಪು ಹೆಲಿಕೋನಿಯಾ, ಒಂದು ಅರೆ ಅರಳಿದ್ದು, ಕುಂಡದಲ್ಲಿದ್ದ ಆಂಥೂರಿಯಂ ಒಂದು, ಹಿಂದೆ ಆಸರೆಗೆ ಉದ್ದದ ಹಸಿರೆಲೆ, ನಡುವೆ ಸುಗಂಧರಾಜ. ಎಲ್ಲ ಕಟ್ಟುಗಳೂ ಒಂದೇ ಹಾಗೆ. ಟಾರ್ಚ್ ಜಿಂಜರ್ ಒಂದೇ ಇದ್ದುದರಿಂದ ಅದನ್ನು ಯಾವ ಕಟ್ಟಿಗೂ ಸೇರಿಸಲಿಲ್ಲ, ಬೇರೆಯೇ ಹಿಡಿದುಕೊಂಡೆ. ಜೋಸ್ಲಿನ್‌ಳ ಓಮ್ನಿಯಲ್ಲಿ ಹೊರಟೆವು. ಇಂದ್ರಾಳಿ ದಾಟಿ ಏರು ಹತ್ತುವಾಗ ನಾನು ತಲೆ ತಗ್ಗಿಸಲಿಲ್ಲ. ಬಕೆಟುಗಳನ್ನು ಹಿಡಿದುಕೊಳ್ಳಬೇಕಿತ್ತಲ್ಲ.

ಆ ಹಾಲ್ ಬಗ್ಗೆ ಹೇಗೆ ಬರೆಯಲಿ? ನಾನು ಏನೇನೋ ಊಹಿಸಿ ಹೆದರಿದ್ದೆ. ಔಷಧಿಯ ವಾಸನೆ ಕಣ್ಣಿಗೆ ಚುಚ್ಚುತ್ತಿತ್ತು, ಅದು ನಿಜ. ಆದರೆ ದೊಡ್ಡ ದೊಡ್ಡ ಕಿಟಕಿಗಳು, ಬೆಳಕೋ ಬೆಳಕು. ಟೇಬಲುಗಳ ಮೇಲೆ ಬೆಳ್ಳಗೆ ಒಗೆದು ಇಸ್ತ್ರಿ ಮಾಡಿದ ಬಟ್ಟೆ ಹೊದೆಸಿದ್ದರು. ನನ್ನ ಕಣ್ಣು ಮೊದಲು ಹೋದದ್ದು ಬಟ್ಟೆಯ ಅಂಚಿಗೆ. ಹೊಲಿಗೆ ನೇರವಾಗಿತ್ತು. ಅದೊಂದು ಸಮಾಧಾನ, ನಗಬೇಡ. ಬಿಳಿ ಕೋಟು ಹಾಕಿದ ಮಕ್ಕಳು ಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ಬರುತ್ತಿದ್ದರು. ಯಾರೂ ಕಳಚಿ ಎಂದು ಹೇಳಿರಲಿಲ್ಲವಂತೆ, ಮೊದಲು ಬಂದವನು ಕಳಚಿದ್ದನ್ನು ನೋಡಿ ಎಲ್ಲರೂ ಕಳಚಿದ್ದಂತೆ. ಪಂಜಾಬಿನವರು, ಕೇರಳದವರು, ಮಲೇಷ್ಯಾದವರು, ಎಷ್ಟು ಬಗೆಯ ಮುಖಗಳು! ಅವರ ಪ್ರೊಫೆಸರ್, ನಮ್ಮ ವಯಸ್ಸಿನ ಒಬ್ಬ ಹೆಂಗಸು, ದೀಪ ಹಚ್ಚಿದರು. ಟಾರ್ಚ್ ಜಿಂಜರನ್ನು ನಾನು ಆ ದೀಪದ ಹತ್ತಿರ ಇಟ್ಟೆ.

ಮಕ್ಕಳು ಒಬ್ಬೊಬ್ಬರೇ ನನ್ನ ಕೈಯಿಂದ ಹೂ ತೆಗೆದುಕೊಂಡು ಹೋಗಿ ತಮ್ಮ ತಮ್ಮ ಟೇಬಲಿನ ಮೇಲೆ ಇಟ್ಟರು. ಒಬ್ಬ ಎತ್ತರದ ಹುಡುಗ ಮುಂದೆ ಬಂದು ಇಂಗ್ಲಿಷಿನಲ್ಲಿ ಏನೋ ಓದಿದ. ನನಗೆ ಪೂರ್ತಿ ಅರ್ಥವಾಗಲಿಲ್ಲ, ರೇಚಲ್ ಕಿವಿಯಲ್ಲಿ ಹೇಳುತ್ತಿದ್ದಳು. ನೀವು ಯಾರೆಂದು ನಮಗೆ ಗೊತ್ತಿಲ್ಲ, ನಮ್ಮ ಕೈ ನಡುಗುತ್ತಿದ್ದಾಗ ನೀವು ಸುಮ್ಮನಿದ್ದಿರಿ, ನಾವು ತಪ್ಪು ಮಾಡಿದಾಗಲೂ ಸುಮ್ಮನಿದ್ದಿರಿ, ಮುಂದೆ ನಾವು ಉಳಿಸುವ ಪ್ರತಿ ಜೀವದಲ್ಲಿಯೂ ನಿಮ್ಮ ಪಾಲುಂಟು ಎಂದು. ಅವನು ಕಾಗದ ಮಡಚಿ ಟೇಬಲಿಗೆ ತಲೆಬಾಗಿ ನಿಂತುಬಿಟ್ಟ. ಅಷ್ಟೂ ಮಕ್ಕಳು ತಲೆಬಾಗಿದರು. ಹೊರಗೆ ಎಲ್ಲೋ ಆಂಬುಲೆನ್ಸಿನ ಸದ್ದು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ನನ್ನ ಮೈ ಹೀಗೆ ಜುಮ್ಮೆಂದದ್ದುಂಟು. ಇಲ್ಲಿ ಗಂಟೆಯಿಲ್ಲ, ಮಂತ್ರವಿಲ್ಲ, ಮತ್ತೆ ಯಾಕೆ ಹೀಗಾಗುತ್ತದೆ ಎಂದು ನನಗೇ ತಿಳಿಯಲಿಲ್ಲ.

ಎಲ್ಲ ಮುಗಿದು ಮಕ್ಕಳು ಸಣ್ಣಗೆ ಮಾತಾಡಲು ಶುರುಮಾಡಿದರು. ರೇಚಲ್ ನನಗೆ ಕಿಟಕಿಯ ಹತ್ತಿರದ ಟೇಬಲ್ ತೋರಿಸಿದಳು. “ಅದು ನಮ್ಮದಲ್ಲ ಆಂಟಿ, ಬೇರೆ ಗುಂಪಿನದ್ದು. ಆದರೆ ನಾವೆಲ್ಲರೂ ಆ ಅಜ್ಜನ ಹತ್ತಿರ ಕಲಿತಿದ್ದೇವೆ. ಅವರ ಎಡಗೈ ಉಂಟಲ್ಲ, ಅದು ಬಹಳ ಹಿಂದೆ ಪೂರ್ತಿ ತುಂಡಾಗುವಷ್ಟು ಪೆಟ್ಟಾದ ಕೈ. ಬೆರಳುಗಳನ್ನು ಎಳೆಯುವ ಹಗ್ಗದ ಹಾಗಿನ ಟೆಂಡನ್‌ಗಳು ಉಂಟಲ್ಲ, ಅವನ್ನು ಯಾರೋ ಒಬ್ಬ ಸರ್ಜನ್ ಒಂದೊಂದಾಗಿ ಹೊಲಿದಿದ್ದಾರೆ. ನಮ್ಮ ಮೇಡಂ ಇಡೀ ಬ್ಯಾಚನ್ನು ಕರೆದು ತೋರಿಸಿದರು. ‘ಹೊಲಿದದ್ದು ಮಾತ್ರ ಅಲ್ಲ, ಆಮೇಲೆ ಈ ಕೈ ವರ್ಷಗಟ್ಟಲೆ ದುಡಿದಿದೆ, ಸ್ನಾಯು ನೋಡಿ’ ಅಂದರು. ಕೈಯ ಪಾಠ ಬಂದಾಗೆಲ್ಲ ನಮಗೆ ಆ ಅಜ್ಜನದ್ದೇ ನೆನಪು.”

ನಿನಗೆ ಹೇಳಬೇಕಾ ಸೆಲೀನ್, ಅದು ಯಾರ ಕೈ ಎಂದು? ಆ ವರ್ಷ ಪೆರ್ಡೂರಿನ ಹತ್ತಿರ ಬಸ್ಸು ನಿಲ್ಲಿಸಿ ಬಾನೆಟ್ ತೆರೆದು ನೋಡುವಾಗ ಫ್ಯಾನ್ ಬೆಲ್ಟಿಗೆ ಇವರ ಎಡಗೈ ಸಿಕ್ಕಿದ್ದು, ಪ್ಯಾಸೆಂಜರುಗಳು ಹೆಗಲ ಮೇಲಿನ ಬೈರಾಸು ಸುತ್ತಿ ಜೀಪಿನಲ್ಲಿ ಮಣಿಪಾಲಕ್ಕೆ ತಂದದ್ದು ನಿನಗೆ ಗೊತ್ತೇ ಉಂಟು. ರಜೆಯಲ್ಲಿ ಊರಿಗೆ ಬಂದಿದ್ದ ನೀನು ಆಸ್ಪತ್ರೆಯಲ್ಲಿ ಇವರಿಗೆ ಕಿತ್ತಳೆ ಸುಲಿದು ಕೊಟ್ಟಿದ್ದೆ. ನಿನಗೆ ಗೊತ್ತಿಲ್ಲದ್ದು ಒಂದುಂಟು. ಕೊನೆಯ ಸಲ ತೋರಿಸಲು ಹೋದಾಗ ಇವರು ಆ ಎಳೆಯ ಸರ್ಜನನಿಗೆ, “ಇಷ್ಟು ಸೂಕ್ಷ್ಮದ ಹೊಲಿಗೆ ಎಲ್ಲಿ ಕಲಿತಿರಿ?” ಎಂದು ಕೇಳಿದರು. ಹೆಂಡತಿ ಟೈಲರ್ ಅಲ್ಲವಾ, ಹೊಲಿಗೆಯ ವಿಷಯ ತಿಳಿಯುತ್ತದೆ. ಆ ಡಾಕ್ಟರು, “ಕಾಲೇಜಿನ ಟೇಬಲಿನ ಮೇಲಿದ್ದ ಒಬ್ಬರು ಅಜ್ಜಿಯ ಕೈಯಲ್ಲಿ ಕಲಿತೆ. ಅವರ ಹೆಸರು ನನಗೆ ಗೊತ್ತಿಲ್ಲ” ಎಂದರು. ಮನೆಗೆ ಬರುವಾಗ ಬಸ್ಸಿನಲ್ಲಿ ಇವರು ಕೈ ಮಡಚಿ ಬಿಡಿಸಿ ನೋಡಿಕೊಂಡು, “ಯಾರದ್ದೋ ಕೈಯಿಂದ ನನಗೆ ಕೈ ಬಂತು ಮನೋರಮಾ. ನನ್ನದನ್ನು ಸುಟ್ಟು ಎಂತ ಉಪಯೋಗ?” ಎಂದರು. ಅಷ್ಟೇ. ಮತ್ತೆ ಎಷ್ಟೋ ವರ್ಷ ಅದೇ ಕೈಯಲ್ಲಿ ಗೇರು ಹಾಕಿ ಕಾರ್ಕಳ–ಉಡುಪಿ ರೂಟಿನಲ್ಲಿ ಬಸ್ಸು ಓಡಿಸಿದರು.

ರೇಚಲ್ ಹೇಳುತ್ತಲೇ ಇದ್ದಳು: “ಅವರು ಎಂತ ಕೆಲಸ ಮಾಡುತ್ತಿದ್ದರೋ ಅಂತ ನಮ್ಮಲ್ಲಿ ಚರ್ಚೆ ಆಂಟಿ. ನಾನು ಬಡಗಿ ಅನ್ನುತ್ತೇನೆ. ಬೇರೆಯವರು ಮೀನುಗಾರ ಇರಬೇಕು ಅನ್ನುತ್ತಾರೆ.”

“ಡ್ರೈವರ್ ಇರಬಹುದು ಮಗಾ,” ಎಂದೆ. “ಗೇರು ಹಾಕುವುದು ಎಡಗೈಯಲ್ಲಿ ಅಲ್ವಾ.”

ಅವಳು ನನ್ನನ್ನೇ ನೋಡಿದಳು. ಹೆಣೆದುಕೊಂಡಿದ್ದ ಬೆರಳುಗಳನ್ನು ಬಿಡಿಸಿದಳು. ಮೆಲ್ಲಗೆ ಆ ಟೇಬಲಿನ ಹತ್ತಿರ ಹೋಗಿ, ಅಲ್ಲಿ ನಿಂತಿದ್ದ ಗೆಳೆಯರ ತೋಳು ಮುಟ್ಟಿ ಎಲ್ಲರನ್ನೂ ಆಚೆಗೆ ಕರೆದುಕೊಂಡು ಹೋದಳು. ನನಗೆ ಜಾಗ ಬಿಟ್ಟುಕೊಟ್ಟಳು.

ನಾನು ಹೋದೆ. ಬಟ್ಟೆ ಸರಿಸಲಿಲ್ಲ, ಸರಿಸಬೇಕೆಂದು ಅನಿಸಲೂ ಇಲ್ಲ. ಹೂವಿನ ಕಟ್ಟು ಒಂದಿಷ್ಟು ಓರೆಯಾಗಿತ್ತು, ನೇರ ಮಾಡಿದೆ. ಎಡಗೈ ಇರುವ ಕಡೆ ಬಟ್ಟೆಯ ಮೇಲಿನಿಂದಲೇ ನನ್ನ ಕೈ ಇಟ್ಟೆ. ತಣ್ಣಗಿತ್ತು, ಗಟ್ಟಿಯಾಗಿತ್ತು. ಅಷ್ಟೂ ದಿನ ನನ್ನ ಕನಸಿನಲ್ಲಿ ಇವರು ಕತ್ತಲೆಯ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಇಲ್ಲಿ ನೋಡಿದರೆ ಕಿಟಕಿಯ ಬೆಳಕು, ಸುತ್ತ ಮಕ್ಕಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಡ್ರೈವರ್ ಮುದ್ದಣ್ಣ ಡಾಕ್ಟರುಗಳಿಗೆ ಮೇಷ್ಟ್ರು! ನಾನು ಅಳಲಿಲ್ಲ ಸೆಲೀನ್. ಅಳುವುದಕ್ಕಿಂತ ದೊಡ್ಡದು ಏನೋ ಒಂದು ನನ್ನ ಎದೆಯಲ್ಲಿ ತುಂಬಿಕೊಂಡು, ನಿಂತಲ್ಲೇ ನಿಂತೆ. ತಿರುಗಿದಾಗ ಪ್ರೊಫೆಸರಮ್ಮ ಬಾಗಿಲಲ್ಲಿದ್ದರು. ಅವರಿಗೆ ತಿಳಿಯಿತೋ ಇಲ್ಲವೋ, ಹೂ ತಂದವಳಿಗೆ ಕೈಮುಗಿದಂತೆ ಕೈಮುಗಿದರು.

ಮನೆಗೆ ಬಂದು ಬೋಳು ಹಿತ್ತಿಲನ್ನು ನೋಡುತ್ತ ಕುಳಿತೆ. ಬುಡಕ್ಕೆ ಕತ್ತರಿಸಿದ ದಂಟುಗಳಿಂದ ನೀರು ಜಿನುಗುತ್ತಿತ್ತು. ನವರಾತ್ರಿ ಮುಗಿಯುವಷ್ಟರಲ್ಲಿ ಪ್ರತಿಯೊಂದರ ಬದಿಯಲ್ಲಿಯೂ ಮರಿಗಳು ಎದ್ದಿವೆ. ಎಷ್ಟೆಂದು ಎಣಿಸಲು ಹೋಗಲಿಲ್ಲ, ಕಾಲಿಡಲು ಜಾಗವಿಲ್ಲದಷ್ಟು. ಮುಂದಿನ ವರ್ಷದ ಮಕ್ಕಳಿಗೂ ಹೂ ಕೊಡುತ್ತೇನೆಂದು ರೇಚಲ್‌ಗೆ ಹೇಳಿ ಕಳುಹಿಸಿದ್ದೇನೆ. ಆ ಹೊತ್ತಿಗೆ ಇವರು ಅಲ್ಲಿ ಇರುತ್ತಾರೋ ಇಲ್ಲವೋ, ಬೇರೆ ಯಾರಾದರೂ ಇರುತ್ತಾರಲ್ಲ.

ಕೈ ನೋಯುತ್ತದೆ, ಇಷ್ಟುದ್ದದ ಕಾಗದ ಬರೆದು ಅಭ್ಯಾಸ ತಪ್ಪಿದೆ. ನಿನ್ನ ಹಾಸ್ಟೆಲಿನ ಎಲ್ಲ ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ಒಮ್ಮೆ ಕೈಯಿಡು, ಅವರ ಪರೀಕ್ಷೆ ಸಲೀಸಾಗಲಿ. ನಿನ್ನ ದೇವರೂ ನನ್ನ ದೇವರೂ ಮಾತಾಡಿಕೊಂಡು ನಿನ್ನ ಮೊಣಕಾಲನ್ನು ಕಾಯಲಿ.

ಇಂತಿ ನಿನ್ನ,
ಮನೋರಮಾ

ತಾ.ಕ.: ಕಾಗದ ಮಡಚಿ ಅಂಟು ಹಾಕುವವಳು ಮತ್ತೆ ಬಿಡಿಸಿದೆ. ನೀನು ಕೇಳಲಿಲ್ಲ, ನಾನೂ ಬರೆಯಲಿಲ್ಲ. ಯಶ್ಮಿತಾ ಈ ಮನೆಗೆ ಕಾಲಿಡದೆ ಒಂದೂವರೆ ವರ್ಷ ದಾಟಿತು. ಇರುವುದು ಕಾರ್ಕಳದಲ್ಲಿ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಇದ್ದ ಒಬ್ಬಳೇ ಮಗಳು. ಅಪ್ಪನನ್ನು ಕೊಂಡೊಯ್ಯಲು ಕಾಲೇಜಿನ ಆಂಬುಲೆನ್ಸ್ ಬಂದಾಗ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡು, “ಅಪ್ಪನನ್ನು ಕೊಯ್ಯಲಿಕ್ಕೆ ಕೊಡ್ತೀಯಾ ಅಮ್ಮ?” ಎಂದು ಕೇಳಿದಳು. ಅವಳ ಬೆರಳುಗಳನ್ನು ಬಾಗಿಲಿನಿಂದ ಒಂದೊಂದಾಗಿ ಬಿಡಿಸಿದ್ದು ನಾನು. ಬೊಜ್ಜಕ್ಕೂ ಬರಲಿಲ್ಲ. ನನ್ನ ಫೋನ್ ಎತ್ತುವುದಿಲ್ಲ. ಅಂದಿನಿಂದ ಹೂವಿಗೂ ಆ ‘ಕೊಯ್ಯು’ ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಇವರು ಹೇಳಿದ್ದನ್ನು ನಡೆಸಿಕೊಟ್ಟೆ, ಅದರಲ್ಲಿ ನನಗೆ ಎರಡು ಮನಸ್ಸಿಲ್ಲ. ಆದರೆ ಅವಳ ಮುಖ ನೋಡದೆ ಬದುಕುವುದು ಕಷ್ಟ.

ನಿನಗೆ ಅವಳು ಬರೆಯುತ್ತಾಳೆಂದು ನನಗೆ ಗೊತ್ತು. ಚಿಕ್ಕಂದಿನಿಂದಲೂ ಅವಳು ಕೇಳುವುದು ಸೆಲೀನಾಂಟಿಯ ಮಾತು ಮಾತ್ರ. ನೀನು ಅವಳಿಗೆ ಬರೆ. ಅಮ್ಮನ ಹತ್ತಿರ ಹೋಗು ಎಂದು ಬರೆಯಬೇಡ. ಅಮ್ಮ ಅಳುತ್ತಾಳೆ ಎಂದೂ ಬರೆಯಬೇಡ. ಆ ಮಕ್ಕಳು ಬಾಗಿಲಲ್ಲಿ ಚಪ್ಪಲಿ ಕಳಚಿ ಅವಳ ಅಪ್ಪನ ಹತ್ತಿರ ಹೋದರು ಎಂಬುದನ್ನು ಮಾತ್ರ ಬರೆ.